ಹೆಣ್ಣುಮಕ್ಕಳಿಗೆಲ್ಲಿತ್ತು ವಾರಾನ್ನ?

ಪರೀಕ್ಷೆಯ ಫಲಿತಾಂಶ ಬಂದು ಮುಂದಿನ ಓದಿಗೆ ಅರ್ಜಿ ತುಂಬುವ ದಿನಗಳು ಶುರುವಾದವೆಂದರೆ ನಮ್ಮಂಥ ಸಣ್ಣ ಊರುಗಳಲ್ಲಿ ಮನೆಮನೆಯಲ್ಲೂ ಒಂದೇ ಮಾತು. "ಮಗಳಿಗೆ ಸೀಟೇನೋ ಸಿಕ್ಕಿದೆ ಕಣ್ರೀ, ಆದರೆ ಹಾಸ್ಟೆಲಿನಲ್ಲಿರಬೇಕಂತೆ." ಈ 'ಆದರೆ' ಅನ್ನೋದಿದೆ ನೋಡಿ, ಅದರ ಭಾರಕ್ಕೆ ಎಷ್ಟು ಹೆಣ್ಣುಮಕ್ಕಳ ಓದು ಅಲ್ಲಿಗೇ ಕುಸಿದು ಕೂತಿದೆಯೋ! ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರುವಷ್ಟು ದೂರದಲ್ಲಿ ಕಾಲೇಜಿದ್ದರೆ ಸರಿ. ಅದಕ್ಕಿಂತ ಆಚೆಯಾದರೆ, "ಓದಿದ್ದು ಸಾಕು ಬಿಡು, ಗಂಡು ನೋಡೋಣ." ಗಂಡುಮಗನ ವಿಷಯದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅವನು ನಾಲ್ಕು ಜನ ಗೆಳೆಯರ ಜೊತೆ ಒಂದು ರೂಮು ಮಾಡಿಕೊಂಡು, ಹೋಟೆಲಿನಲ್ಲಿ ತಿಂದುಕೊಂಡು ಹೇಗೋ ಓದಿಬಿಡುತ್ತಾನೆ.

ಮಗಳ ಮಾತು ಬಂದಾಗ ಮಾತ್ರ ಭಯಗಳ ಸಾಲೇ ಎದುರು ನಿಲ್ಲುತ್ತದೆ. ಊಟ ಸರಿಯಿರೋದಿಲ್ಲ, ಸಹವಾಸ ಕೆಡುತ್ತೆ, ಹುಡುಗಿ ಮಾತು ಕೇಳದ ಹಾಗಾಗ್ತಾಳೆ, ನಾಳೆ ಸಂಬಂಧ ಕೇಳಿಕೊಂಡು ಬಂದವರು "ಹಾಸ್ಟೆಲಿನಲ್ಲಿದ್ದವಳಂತೆ" ಎಂದು ಮೂಗು ಮುರೀತಾರೆ. ಇವುಗಳಲ್ಲಿ ಕೆಲವು ಯೋಚಿಸಬೇಕಾದ ಮಾತುಗಳೇ. ಉಳಿದವು ಬರೀ ಗಾಳಿಮಾತು. ಯಾವುದು ಯಾವುದು ಎಂದು ವಿಂಗಡಿಸಿ ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ. ೧೯೭೭ರಿಂದ ೭೯ರವರೆಗೆ ಎರಡು ವರ್ಷ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತ ನಾನು ಹಾಸ್ಟೆಲಿನಲ್ಲೇ ಇದ್ದೆ. ಈಗ ನನ್ನ ಮೊಮ್ಮಗಳು ಹಾಸ್ಟೆಲಿಗೆ ಹೊರಡುವ ವಯಸ್ಸಿಗೆ ಬಂದಿದ್ದಾಳೆ. ಹಾಗಾಗಿ ಈ ಮಾತು ನನಗೆ ಹಳೆಯದೂ ಹೌದು, ಹೊಸದೂ ಹೌದು.

ಅಪ್ಪನ ಏಳು ಮನೆಗಳು

ನಮ್ಮದು ಚನ್ನರಾಯಪಟ್ಟಣ. ಅಪ್ಪ ಸ್ಕೂಲು ಮೇಷ್ಟ್ರು. ೧೯೩೦ರ ದಶಕದಲ್ಲಿ ಅವರು ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ವಾರಾನ್ನ ಎಂದರೆ ಈಗಿನ ಮಕ್ಕಳಿಗೆ ಅರ್ಥವಾಗಲಿಕ್ಕಿಲ್ಲ. ವಾರಕ್ಕೆ ಏಳು ದಿನ, ಏಳು ಮನೆ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಯಾವುದಾದರೂ ವಾರ ಖಾಲಿ ಬಿದ್ದರೆ ಅವತ್ತು ಹುಡುಗನ ಹೊಟ್ಟೆಯೂ ಖಾಲಿ. ಅಪ್ಪನಿಗೆ ಗುರುವಾರ ಯಾರ ಮನೆಯೂ ಸಿಕ್ಕಿರಲಿಲ್ಲವಂತೆ. ಕಷ್ಟದ ಬಾಳು, ಮರ್ಯಾದೆಗೂ ಆಗಾಗ ಪೆಟ್ಟು. ಆದರೂ ಅದರಿಂದ ಅದೆಷ್ಟೋ ಬಡ ಹುಡುಗರು ಓದಿ ಮೇಷ್ಟ್ರಾದರು, ಗುಮಾಸ್ತೆಯಾದರು, ವಕೀಲರಾದರು.

ನನಗೆ ಎಂ.ಎ. ಸೀಟು ಸಿಕ್ಕ ಕಾಗದ ಬಂದಾಗ ಅದೇ ಅಪ್ಪ, "ಹೆಣ್ಣುಹುಡುಗೀನ ಹಾಸ್ಟೆಲಿಗೆ ಹಾಕೋದು ನಮ್ಮ ಮನೇಲಿ ನಡೆದಿಲ್ಲ" ಎಂದುಬಿಟ್ಟರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಒಲೆಯ ಮುಂದೆ ಕೂತೇ ಒಂದು ಮಾತು ಹೇಳಿದಳು. "ನಿಮಗಾದರೆ ಏಳು ಮನೆಯ ಬಾಗಿಲು ತೆರೆದಿತ್ತು. ಇವಳಿಗೆ ಯಾರ ಮನೇಲಿ ವಾರ ಗೊತ್ತು ಮಾಡ್ತೀರಿ, ಹೇಳಿ?" ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಅಟ್ಟದ ಮೇಲಿದ್ದ ತಮ್ಮ ಹಳೆಯ ಟ್ರಂಕು ಇಳಿಸಿ ಧೂಳು ಒರೆಸಿದರು.

ಅಮ್ಮ ಆಡಿದ ಮಾತಿನ ತೂಕ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳಾದ ಮೇಲೆ. ಬಡ ಹುಡುಗನ ಓದಿಗೆ ನಮ್ಮ ಸಮಾಜ ನೂರೆಂಟು ದಾರಿ ಮಾಡಿತ್ತು. ವಾರಾನ್ನವಿತ್ತು, ಛತ್ರಗಳಿದ್ದವು, ಮಠಗಳ ಉಚಿತ ವಿದ್ಯಾರ್ಥಿನಿಲಯಗಳಿದ್ದವು. ನಿಜ, ಅಲ್ಲೂ ಎಲ್ಲರಿಗೂ ಎಲೆ ಹಾಕುತ್ತಿರಲಿಲ್ಲ. ವಾರಾನ್ನ ಹಾಕುವ ಮನೆಯವರು ಮೊದಲು ಜಾತಿ ವಿಚಾರಿಸುತ್ತಿದ್ದರು. ಹೆಣ್ಣುಮಗಳಿಗಂತೂ ಇದಾವುದೂ ಇರಲಿಲ್ಲ. ಅವಳು ಪರವೂರಿಗೆ ಹೋಗಿ ಓದಬೇಕಾದರೆ ಆ ಊರಿನಲ್ಲಿ ಅತ್ತೆಯೋ ಚಿಕ್ಕಮ್ಮನೋ ಇರಬೇಕು. ಇದ್ದರೂ ಅವರ ಮನೆಯ ನೀರು ಸೇದಿ, ಮಕ್ಕಳನ್ನು ಆಡಿಸಿ, ಉಳಿದ ಹೊತ್ತಿನಲ್ಲಿ ಪುಸ್ತಕ ಹಿಡಿಯಬೇಕು.

ಪುಣೆಯ ಧೋಂಡೋ ಕೇಶವ ಕರ್ವೆಯವರು ೧೯೧೬ರಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ವಿಶ್ವವಿದ್ಯಾನಿಲಯ ತೆರೆದರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ ವರ್ಷ. ಆದರೆ ಕರ್ವೆಯವರು ಶುರುಮಾಡಿದ್ದು ಎಲ್ಲಿಂದ ಗೊತ್ತೇ? ಅದಕ್ಕೂ ಇಪ್ಪತ್ತು ವರ್ಷ ಮೊದಲು, ೧೮೯೬ರಲ್ಲಿ, ವಿಧವೆಯರಿಗೆ ಇರಲೊಂದು ನೆಲೆ ಮಾಡಿಕೊಟ್ಟರು. ಮೊದಲು ಸೂರು, ಅನ್ನ, ಆಮೇಲೆ ಪಾಠ. ಹೆಣ್ಣಿನ ಓದು ಯಾವುದರ ಮೇಲೆ ನಿಂತಿದೆ ಎಂದು ಅವರಿಗೆ ತಿಳಿದಿತ್ತು.

ಊರಿನ ಹೆಸರೇ ನಮ್ಮ ಹೆಸರು

ಮಾನಸಗಂಗೋತ್ರಿಗೆ ಆ ಹೆಸರಿಟ್ಟವರು ಕುವೆಂಪು. ಅವರು ಕುಲಪತಿಗಳಾಗಿದ್ದಾಗ, ೧೯೬೦ರಲ್ಲಿ, ಆ ಆವರಣ ಶುರುವಾಯಿತು. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಎಲ್ಲಿ ನೋಡಿದರೂ ಮರಗಳು. ನಾನು ಸೇರಿದಾಗ ಮಂಗಳೂರು ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು ೧೯೮೦ರಲ್ಲಿ. ಶಿವಮೊಗ್ಗದ ಕಡೆಗೆ ಕುವೆಂಪು ವಿಶ್ವವಿದ್ಯಾನಿಲಯ ಬಂದದ್ದು ೧೯೮೭ರಲ್ಲಿ. ಹಾಗಾಗಿ ಕರಾವಳಿಯವರು, ಮಲೆನಾಡಿನವರು, ಕೊಡಗಿನವರು, ಬಯಲುಸೀಮೆಯವರು ಎಲ್ಲರೂ ಅಲ್ಲಿಗೇ ಬರುತ್ತಿದ್ದರು.

ಹೆಸರು ಹಿಡಿದು ಕರೆಯುವ ಅಭ್ಯಾಸವೇ ನಮ್ಮಲ್ಲಿರಲಿಲ್ಲ. "ಏ ಉಡುಪಿ, ನಿನಗೆ ಕಾಗದ ಬಂದಿದೆ." "ಮಂಡ್ಯ ಎಲ್ಲಿ ಕಣೇ?" ನಾನು 'ಚನ್ನರಾಯಪಟ್ಟಣ' ಎಂದು ಕರೆಸಿಕೊಳ್ಳುವುದು ಉದ್ದವಾಯಿತೆಂದು 'ಪಟ್ಣ' ಆದೆ. ಈಗಲೂ ಅವರಲ್ಲೊಬ್ಬಳು ಫೋನು ಮಾಡಿದರೆ "ಪಟ್ಣಾ, ಹ್ಯಾಗಿದೀಯೇ?" ಎಂದೇ ಕೇಳುತ್ತಾಳೆ. ಮನೆಯವರು ನಗುತ್ತಾರೆ.

ಮೊದಲ ಜಗಳ ಅನ್ನದ್ದು! ಉಡುಪಿಯವಳಿಗೆ ಕುಚ್ಚಲಕ್ಕಿ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗುತ್ತಿರಲಿಲ್ಲ. "ಈ ಬಿಳಿ ಅನ್ನ ಹೊಟ್ಟೆಗೆ ಹೋದದ್ದೇ ಗೊತ್ತಾಗುವುದಿಲ್ಲ ಮಾರಾಯ್ತಿ" ಎನ್ನುತ್ತಿದ್ದಳು. ಮಂಡ್ಯದವಳಿಗೆ ಮುದ್ದೆ ಬೇಕು, ಬಸ್ಸಾರು ಬೇಕು. ಕೊಡಗಿನವಳು ಭಾನುವಾರ ಬಂದರೆ ಕಡಂಬುಟ್ಟು ನೆನೆಸಿಕೊಂಡು ಕಿಟಕಿಯಲ್ಲಿ ಕೂತಿರುತ್ತಿದ್ದಳು. ಕೊನೆಗೆ ಎಲ್ಲರೂ ಕೂತು ಒಂದು ತೀರ್ಮಾನಕ್ಕೆ ಬಂದೆವು. ವಾರಕ್ಕೆ ಎರಡು ರಾತ್ರಿ ಮುದ್ದೆ, ಒಂದು ರಾತ್ರಿ ಕುಚ್ಚಲಕ್ಕಿ ಗಂಜಿ, ಒಂದು ಬೆಳಿಗ್ಗೆ ಅಕ್ಕಿರೊಟ್ಟಿ. "ಅಗೀಬೇಡ ಕಣೇ, ಸಾರಿನಲ್ಲಿ ಅದ್ದಿ ನುಂಗು" ಎಂದು ಮಂಡ್ಯದವಳು ಉಡುಪಿಯವಳಿಗೆ ಮುದ್ದೆ ಉಣ್ಣುವುದು ಕಲಿಸಿದ್ದು ಒಂದು ದೊಡ್ಡ ತಮಾಷೆ. ಎರಡನೆಯ ವರ್ಷದ ಹೊತ್ತಿಗೆ ಉಡುಪಿಯವಳೇ, "ಇವತ್ತು ಮುದ್ದೆ ಇಲ್ಲವಾ?" ಎಂದು ಕೇಳುವ ಹಾಗಾಗಿದ್ದಳು.

ಇದೇನು ಮಹಾ ವಿಷಯ ಎನ್ನುತ್ತೀರಾ? ಮದುವೆಯಾಗಿ ಗಂಡನ ಮನೆಗೆ ಹೋದಾಗ ನಾವು ಎಲ್ಲ ರುಚಿಗೂ ಹೊಂದಿಕೊಳ್ಳುತ್ತೇವೆ. ಆದರೆ ಅಲ್ಲಿ ಹೊಂದಿಕೊಳ್ಳುವವಳು ನಾವೊಬ್ಬಳೇ. ಹಾಸ್ಟೆಲಿನಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಹೊಂದಿಕೊಳ್ಳಬೇಕು. 'ನನಗೆ ಇದು ಬೇಕು' ಎಂದು ಬಾಯಿಬಿಟ್ಟು ಹೇಳುವುದನ್ನೂ, 'ನಿನ್ನ ಪಾಲು ನಿನಗೆ' ಎಂದು ಬಿಟ್ಟುಕೊಡುವುದನ್ನೂ ಹುಡುಗಿ ಒಟ್ಟಿಗೇ ಕಲಿಯುತ್ತಾಳೆ.

ಮೆಸ್ಸಿನ ಲೆಕ್ಕ

ಅಡುಗೆಮನೆಯ ಲೆಕ್ಕ ಬಲ್ಲ ನಿಮಗೆ ಇದು ಹಿಡಿಸೀತು. ನಮ್ಮ ಮೆಸ್ಸು 'ಡಿವೈಡಿಂಗ್' ಪದ್ಧತಿಯದು. ಇಂದಿಗೂ ಅನೇಕ ಹಾಸ್ಟೆಲುಗಳಲ್ಲಿ ಇದೇ ನಡೆಯುತ್ತದೆ. ತಿಂಗಳ ದಿನಸಿ, ತರಕಾರಿ, ಹಾಲು, ಸೌದೆ ಎಲ್ಲದರ ಖರ್ಚು ಕೂಡಿಸುವುದು; ಎಲ್ಲರೂ ಉಂಡ ದಿನಗಳನ್ನು ಕೂಡಿಸುವುದು; ಆ ಖರ್ಚನ್ನು ಈ ದಿನಗಳಿಂದ ಭಾಗಿಸುವುದು. ಉದಾಹರಣೆಗೆ ೧೨೦ ಹುಡುಗಿಯರು ೩೦ ದಿನ ಉಂಡರೆ ೩,೬೦೦ ಊಟದ ದಿನ. ಖರ್ಚು ೧೦,೮೦೦ ರೂಪಾಯಿ ಬಂದರೆ ದಿನಕ್ಕೆ ೩ ರೂಪಾಯಿ, ತಿಂಗಳಿಗೆ ೯೦. ಊರಿಗೆ ಹೋಗುವವಳು ಮೊದಲೇ ಬರೆದುಕೊಟ್ಟರೆ ಆ ದಿನಗಳ ದುಡ್ಡು ಉಳಿಯುತ್ತದೆ. ಹೇಳದೆ ಹೋದರೆ ಅವಳ ಪಾಲಿನ ಅನ್ನವೂ ಬೆಂದು, ಹಳಸಿ, ಅವಳ ಲೆಕ್ಕಕ್ಕೇ ಸೇರುತ್ತದೆ.

ಪ್ರತಿ ತಿಂಗಳೂ ಸರದಿಯ ಮೇಲೆ ಇಬ್ಬರು ಹುಡುಗಿಯರು ಮೆಸ್ಸಿನ ಉಸ್ತುವಾರಿ ನೋಡಬೇಕು. ಬೆಳಗಿನ ಜಾವ ದೇವರಾಜ ಮಾರುಕಟ್ಟೆಗೆ ಹೋಗಿ ತರಕಾರಿ ಆರಿಸಬೇಕು, ಅಕ್ಕಿಯ ಮೂಟೆ ಬಂದಾಗ ತೂಕ ನೋಡಬೇಕು, ರಾತ್ರಿ ರಿಜಿಸ್ಟರು ಬರೆಯಬೇಕು. ತಿಂಗಳ ಬಿಲ್ಲು ನೂರು ದಾಟಿತೋ, ಊಟದ ಹಾಲಿನಲ್ಲಿ ನೂರು ಜನರ ಮುಂದೆ ನಿಂತು ಜವಾಬು ಹೇಳಬೇಕು! ಮನೆಯಲ್ಲಿ ನಾಲ್ಕು ಜನರ ಮುಂದೆ ಬಾಯಿಬಿಡದ ಹುಡುಗಿಯರು ಅಲ್ಲಿ ಎದ್ದು ನಿಂತು, "ಈ ತಿಂಗಳು ಈರುಳ್ಳಿ ಬೆಲೆ ಏರಿದೆ, ಇಗೋ ಚೀಟಿ ನೋಡಿ" ಎನ್ನುತ್ತಿದ್ದರು. ಮುಂದೆ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸಕ್ಕೆ ಸೇರಿದವರಿಗೂ, ನನ್ನ ಹಾಗೆ ಮನೆ ನಡೆಸಿದವರಿಗೂ ಅದೊಂದು ಪಾಠ ಕೊನೆಯವರೆಗೂ ಕೈಹಿಡಿಯಿತು.

ಜಗಲಿಯ ಮೇಲೆ ಮೂರು ಎಲೆ

ಈಗ ಹೇಳುವುದು ಸ್ವಲ್ಪ ಬೇರೆ ಮಾತು. ನಮ್ಮ ಜೊತೆ ಶೃಂಗೇರಿ ಕಡೆಯವಳೊಬ್ಬಳಿದ್ದಳು, ಬಹಳ ಮಡಿವಂತರ ಮನೆಯವಳು. ಮೊದಲ ಎರಡು ತಿಂಗಳು ತಟ್ಟೆ ಹಿಡಿದುಕೊಂಡು ತನ್ನ ರೂಮಿಗೆ ಹೋಗಿ ಒಬ್ಬಳೇ ಉಣ್ಣುತ್ತಿದ್ದಳು. ಇನ್ನೊಬ್ಬಳು ಚಾಮರಾಜನಗರ ಕಡೆಯ ಹಳ್ಳಿಯವಳು, ಊರಾಚೆಯ ಕೇರಿಯಿಂದ ಬಂದವಳು. ಆ ಕೇರಿಯಲ್ಲಿ ಹೈಸ್ಕೂಲು ದಾಟಿದ ಮೊದಲ ಹುಡುಗಿ. ಶೃಂಗೇರಿಯವಳು ತಟ್ಟೆ ಎತ್ತಿಕೊಂಡು ಏಳುವುದು ಯಾಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸರದಿ ಬಂದಾಗ ಒಂದು ತಿಂಗಳು ಮೆಸ್ಸಿನ ಉಸ್ತುವಾರಿ ಇವರಿಬ್ಬರಿಗೇ ಬಿತ್ತು. ಚಾಮರಾಜನಗರದವಳಿಗೆ ತರಕಾರಿ ಮುಟ್ಟಿದರೇ ಸಾಕು, ಎಳೆಯದೋ ಬಲಿತದ್ದೋ ಗೊತ್ತಾಗುತ್ತಿತ್ತು. ಚೌಕಾಸಿಯಲ್ಲಂತೂ ಎತ್ತಿದ ಕೈ. ಶೃಂಗೇರಿಯವಳು ಲೆಕ್ಕದಲ್ಲಿ ಚುರುಕು, ಒಂದು ಕಾಸು ಆಚೀಚೆ ಆಗಗೊಡಳು. ಚಳಿಯಲ್ಲಿ ನಸುಕಿಗೇ ಎದ್ದು ಇಬ್ಬರೂ ಒಂದೇ ಶಾಲು ಹೊದ್ದುಕೊಂಡು ಹೋಗುವುದು, ಬರುವಾಗ ಮಾರುಕಟ್ಟೆಯ ಹತ್ತಿರ ಒಂದು ಕಾಫಿ ಬೈಟು ಮಾಡಿಸಿ ಕುಡಿಯುವುದು. ಆ ತಿಂಗಳು ಮುಗಿದ ಮೇಲೆ ಶೃಂಗೇರಿಯವಳು ತಟ್ಟೆ ಹಿಡಿದು ರೂಮಿಗೆ ಹೋಗಿದ್ದನ್ನು ನಾನು ನೋಡಲಿಲ್ಲ. ಯಾರೂ ಅವಳಿಗೆ ಉಪದೇಶ ಮಾಡಿದ್ದಿಲ್ಲ.

ಮರುವರ್ಷ ದಸರಾ ರಜೆಗೆ ಅವಳು ನಮ್ಮಿಬ್ಬರನ್ನೂ ತನ್ನ ಊರಿಗೆ ಕರೆದುಕೊಂಡು ಹೋದಳು. ಊಟದ ಹೊತ್ತಿಗೆ ಅವಳ ಅಜ್ಜಿ ನನಗೂ ಅವಳಿಗೂ ಒಳಗೆ ಎಲೆ ಹಾಕಿಸಿ, ಚಾಮರಾಜನಗರದವಳಿಗೆ ಹೊರಗೆ ಜಗಲಿಯ ಮೇಲೆ ಹಾಕಿಸಿದರು. ಶೃಂಗೇರಿಯವಳು ಒಂದು ಮಾತೂ ಆಡದೆ ತನ್ನ ಎಲೆ ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ಗೆಳತಿಯ ಪಕ್ಕ ಕೂತಳು. ನಾನೂ ನನ್ನ ಎಲೆ ತೆಗೆದುಕೊಂಡು ಹೋದೆ. ಅಜ್ಜಿ ಬಡಿಸಿದರು, ಮಾತಾಡಲಿಲ್ಲ. ಮಾರನೆಯ ದಿನ ನೋಡಿದರೆ ಮೂರು ಎಲೆಗಳನ್ನೂ ಅವರೇ ಜಗಲಿಯ ಮೇಲೆ ಹಾಕಿಸಿದ್ದರು!

ಅಜ್ಜಿ ಬದಲಾದರೆಂದು ನಾನು ಹೇಳುತ್ತಿಲ್ಲ. ಆ ಮನೆಯ ನಡುಮನೆಯೊಳಗೆ ನಮ್ಮ ಗೆಳತಿಗೆ ಎಲೆ ಬಿದ್ದದ್ದು ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಶೃಂಗೇರಿಯವಳ ಮಗಳ ಮದುವೆಯಲ್ಲಿ. ಆದರೆ ಆ ದಿನ ಹದಿನಾರು ತಿಂಗಳ ಹಾಸ್ಟೆಲ್ ವಾಸ ಇಲ್ಲದಿದ್ದರೆ ಒಬ್ಬ ಮೊಮ್ಮಗಳು ತನ್ನ ಎಲೆ ಎತ್ತಿಕೊಂಡು ಹೊರಗೆ ನಡೆಯುತ್ತಿದ್ದಳೇ? "ಸಹವಾಸ ಕೆಡುತ್ತೆ" ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಸಹವಾಸದಿಂದ ಮನುಷ್ಯರು ತಿದ್ದಿಕೊಳ್ಳುವುದೂ ಉಂಟು.

ತಾಯಂದಿರು ತಿಳಿದಿರಬೇಕಾದ್ದು

ಹಾಗೆಂದು ಎಲ್ಲ ಹಾಸ್ಟೆಲೂ ನಂದನವನ ಎಂದು ನಾನು ಹೇಳಲಾರೆ. ನಿಮ್ಮ ಭಯಗಳಲ್ಲಿ ನಿಜವಾದವಕ್ಕೆ ಉತ್ತರವೂ ಇದೆ. ಅದು ನಮಗೆ ಗೊತ್ತಿರಬೇಕು.

ಮೊದಲನೆಯದು ರ್‍ಯಾಗಿಂಗ್. ಹೊಸಬರನ್ನು ಗೋಳುಹುಯ್ದುಕೊಳ್ಳುವುದು ತಮಾಷೆ ಎಂದು ಒಂದು ಕಾಲದಲ್ಲಿ ನಡೆದುಹೋಗುತ್ತಿತ್ತು. ೧೯೮೩ರ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲೇ ಅದನ್ನು ಶಿಕ್ಷಾರ್ಹ ಅಪರಾಧ ಎಂದು ಮಾಡಲಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯು.ಜಿ.ಸಿ., ೨೦೦೯ರಲ್ಲಿ ಇಡೀ ದೇಶಕ್ಕೇ ನಿಯಮ ಮಾಡಿತು. ಸೇರುವಾಗ ಮಗಳ ಜೊತೆ ತಂದೆ ಅಥವಾ ತಾಯಿಯೂ ಮುಚ್ಚಳಿಕೆ ಬರೆದುಕೊಡಬೇಕು. ದೂರು ಹೇಳಲು ೧೮೦೦-೧೮೦-೫೫೨೨ ಎಂಬ ಉಚಿತ ಫೋನ್ ಸಂಖ್ಯೆ ಇದೆ. ಅದನ್ನು ಮಗಳ ಪುಸ್ತಕದಲ್ಲಿ ಬರೆಸಿ. ನಿಮ್ಮ ಕ್ಯಾಲೆಂಡರಿನ ಮೇಲೂ ಬರೆದಿಡಿ.

ಎರಡನೆಯದು ಕಟ್ಟುಪಾಡು. ಗಂಡುಹುಡುಗರ ಹಾಸ್ಟೆಲಿನ ಬಾಗಿಲು ರಾತ್ರಿಯವರೆಗೂ ತೆರೆದಿದ್ದು, ಹೆಣ್ಣುಮಕ್ಕಳದ್ದು ದೀಪ ಹಚ್ಚುವ ಹೊತ್ತಿಗೇ ಮುಚ್ಚಿದರೆ ಲೈಬ್ರರಿಯ ಪುಸ್ತಕ ಯಾರ ಪಾಲಾಗುತ್ತದೆ ಹೇಳಿ? ಸುರಕ್ಷತೆಯ ನೆಪ ಹೇಳಿ ಹುಡುಗಿಯರ ಹಾಸ್ಟೆಲಿಗೆ ಹುಡುಗರಿಗಿಲ್ಲದ ಕಟ್ಟಳೆ ಹೇರಬಾರದು ಎಂದು ೨೦೧೫ರ ಯು.ಜಿ.ಸಿ. ನಿಯಮಗಳೇ ಹೇಳುತ್ತವೆ. ಮಗಳು ಈ ಮಾತೆತ್ತಿದರೆ ಗದರಬೇಡಿ. ಅವಳು ಕೇಳುತ್ತಿರುವುದು ಓದುವ ಹೊತ್ತನ್ನು.

ಮೂರನೆಯದು ದುಡ್ಡು. ಸರ್ಕಾರದ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಹಾಸ್ಟೆಲುಗಳಿವೆ. ಹಿಂದುಳಿದ ವರ್ಗಗಳ ಮಕ್ಕಳಲ್ಲಿ ಸೀಟು ಸಿಗದವರಿಗೆ ಊಟ ವಸತಿಯ ನೆರವು ಕೊಡಲೆಂದು 'ವಿದ್ಯಾಸಿರಿ' ಯೋಜನೆ ಬಂದಿದೆ. ಕಾಲೇಜಿಗೆ ಅರ್ಜಿ ಹಾಕುವಾಗಲೇ ಇವನ್ನೂ ವಿಚಾರಿಸಿ, ತಡಮಾಡಬೇಡಿ. ಉತ್ತರ ಕರ್ನಾಟಕದ ಸೋದರಿಯರಿಗೆ ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯ ಗೊತ್ತೇ ಇದೆ. ೨೦೦೩ರಲ್ಲಿ ಶುರುವಾದ ಅದಕ್ಕೆ ೨೦೧೭ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಹುಟ್ಟಿದ ಊರು ಬಿಟ್ಟು ಕಲ್ಯಾಣದವರೆಗೆ ಒಬ್ಬಳೇ ನಡೆದುಹೋದವಳ ಹೆಸರು!

ಟ್ರಂಕಿನಲ್ಲಿ ಏನಿರಲಿ?

ಒಂದು ಗಟ್ಟಿ ಬೀಗ, ಒಂದು ಟಾರ್ಚು, ಸೂಜಿದಾರ, ಎರಡು ಹೊದಿಕೆ. ತಿಂಡಿ ಎಂದರೆ ಬೇಗ ಕೆಡದಂಥದ್ದು: ಹುರಿಹಿಟ್ಟು, ಕೋಡುಬಳೆ, ಪುಳಿಯೋಗರೆ ಗೊಜ್ಜು. ಚಟ್ನಿಪುಡಿ ಕಳಿಸುವುದಾದರೆ ಕೊಬ್ಬರಿ ಹಾಕಬೇಡಿ, ಬೇಗ ಮುಗ್ಗಲು ವಾಸನೆ ಬರುತ್ತದೆ. ಎರಡು ಬಟ್ಟಲು ಹುರಿಗಡಲೆ, ಅರ್ಧ ಬಟ್ಟಲು ಹುರಿದ ಉದ್ದಿನಬೇಳೆ, ಹತ್ತು ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಇಂಗು, ಉಪ್ಪು. ಹುಣಸೆಹಣ್ಣನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೇವ ಹೋಗಿಸಿ ಸೇರಿಸಿದರೆ ಒಂದು ತಿಂಗಳು ಧಾರಾಳವಾಗಿ ಇರುತ್ತದೆ. ಒಬ್ಬಳಿಗೆ ಬೇಕಾದಷ್ಟೇ ಮಾಡಬೇಡಿ. ಡಬ್ಬಿ ತೆರೆದ ಮೊದಲ ರಾತ್ರಿಯೇ ಆ ರೂಮಿನ ಎಲ್ಲರ ಕೈಯೂ ಅದರಲ್ಲಿರುತ್ತದೆ, ಇರಬೇಕು ಕೂಡ.

ಸೇರಿಸುವ ದಿನ ನೀವೇ ಹೋಗಿ. ಕಟ್ಟಡದ ಬಣ್ಣ ನೋಡಿ ಬರಬೇಡಿ. ಬಚ್ಚಲಿನಲ್ಲಿ ನೀರು ಬರುತ್ತದೆಯೇ, ಬಾಗಿಲುಗಳಿಗೆ ಚಿಲಕ ಸರಿಯಾಗಿದೆಯೇ, ಹಾದಿಯಲ್ಲಿ ದೀಪ ಇದೆಯೇ ನೋಡಿ. ಅಡುಗೆಮನೆಯೊಳಗೆ ಒಮ್ಮೆ ಇಣುಕಿ. ನಮ್ಮ ಕಣ್ಣಿಗೆ ಅರ್ಧ ನಿಮಿಷ ಸಾಕು. ಹೋದ ತಿಂಗಳ ಮೆಸ್ ಬಿಲ್ಲು ಎಷ್ಟು ಬಂತು ಎಂದು ಹಳೆಯ ಹುಡುಗಿಯರನ್ನೇ ಕೇಳಿ, ವಾರ್ಡನ್ನರ ಪರಿಚಯ ಮಾಡಿಕೊಳ್ಳಿ. ಮಗಳ ರೂಮ್‌ಮೇಟಿನ ತಾಯಿ ಬಂದಿದ್ದರೆ ಅವರ ಫೋನ್ ನಂಬರು ತೆಗೆದುಕೊಳ್ಳಿ. ಜಾತಿ ಕೇಳಬೇಡಿ, ಊರು ಕೇಳಿ.

ಆಮೇಲೆ ದಿನಕ್ಕೆ ನಾಲ್ಕು ಸಲ ಫೋನು ಮಾಡಬೇಡಿ. ನಮ್ಮ ಕಾಲದಲ್ಲಿ ವಾರಕ್ಕೊಂದು ಇನ್‌ಲ್ಯಾಂಡ್ ಕಾಗದ, ತಿಂಗಳಿಗೊಂದು ಮನಿಯಾರ್ಡರು, ಅಷ್ಟೇ. ಅಷ್ಟರಲ್ಲೇ ಅಮ್ಮನಿಗೆ ನನ್ನ ಸುಖದುಃಖ ಗೊತ್ತಾಗುತ್ತಿತ್ತು. ಸಂಜೆ ಒಂದು ಸಲ ಮಾತಾಡಿ. ಊಟದ ವಿಷಯ ಒಂದು ಮಾತು ಕೇಳಿ. ಉಳಿದ ಹೊತ್ತು ಅವಳು ಹೇಳಲಿ, ನೀವು ಕೇಳಿಸಿಕೊಳ್ಳಿ. ಏನಾದರೂ ತೊಂದರೆ ಹೇಳಿಕೊಂಡರೆ, "ಹಾಗಿದ್ರೆ ಓದು ಬಿಟ್ಟು ಬಂದುಬಿಡು" ಎಂದು ಮಾತ್ರ ಅನ್ನಬೇಡಿ. ಆ ಒಂದು ಮಾತಿಗೆ ಹೆದರಿಯೇ ಎಷ್ಟೋ ಹುಡುಗಿಯರು ಕಷ್ಟ ಬಂದರೂ ಮನೆಗೆ ಹೇಳದೆ ನುಂಗಿಕೊಳ್ಳುತ್ತಾರೆ. "ಏನು ಮಾಡೋಣ ಅಂತೀಯಾ? ನಾನು ಬರಲಾ?" ಎಂದು ಕೇಳಿ. ಓದು ನಿಲ್ಲುವುದಿಲ್ಲ ಎಂಬ ಧೈರ್ಯವಿದ್ದ ಮಗಳು ತಾಯಿಯ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ.

ಈ ವರ್ಷ ನಿಮ್ಮ ಮನೆಯಲ್ಲೂ ಆ 'ಆದರೆ' ಎದ್ದಿದ್ದರೆ, ಮನೆಯ ಗಂಡಸರ ಮುಂದೆ ನಮ್ಮಮ್ಮ ಕೇಳಿದ ಪ್ರಶ್ನೆಯನ್ನೇ ಇಟ್ಟು ನೋಡಿ. ಬೈದು ಜಗಳವಾಡಬೇಕಾಗಿಲ್ಲ. ಕಾಫಿ ಲೋಟ ಕೈಗೆ ಕೊಡುತ್ತ ಕೇಳಿದರೂ ಆದೀತು.